ಗಡಿಗೆ ತೇಲಿದ ರಾತ್ರಿ

ಟೊಕ್ ಎಂದು ಒಂದು ಸಣ್ಣ ಸದ್ದು. ಆಮೇಲೆ ಏನೂ ಇಲ್ಲ.

ಸುಂಕಮ್ಮ ಹೊಲ ಕಾಯುವ ಗುಡಿಸಲಿನ ಕತ್ತಲಲ್ಲಿ ಕಣ್ಣು ಬಿಟ್ಟುಕೊಂಡು ಮಲಗಿದ್ದಳು. ಅವಳ ನಿದ್ದೆ ಮೊದಲಿನಿಂದಲೂ ತೆಳು. ಗೋಡೆಯ ಮೇಲೆ ಹಲ್ಲಿ ಸರಿದಾಡಿದರೂ ನಮ್ಮ ಟೀಚರಮ್ಮನಿಗೆ ಎಚ್ಚರವಾಗುತ್ತದೆ ಎಂದು ಗಂಡ ಉಚ್ಚಂಗೆಪ್ಪ ನಗುತ್ತಿದ್ದ. ಅವನು ಹಡಗಲಿಯ ಬ್ಯಾಂಕಿನಲ್ಲಿ ಗುಮಾಸ್ತ, ಶನಿವಾರ ಬಂದು ಸೋಮವಾರ ಹೋಗುವವನು. ಬೇಸಿಗೆ ರಜೆಯಲ್ಲಿ ಅವಳು ಅಪ್ಪನಿಗೆ ಬುತ್ತಿ ತಂದುಕೊಟ್ಟು ಕೆಲವು ರಾತ್ರಿ ಅಲ್ಲೇ ಉಳಿಯುತ್ತಿದ್ದಳು. ಎಪ್ಪತ್ತರ ಹತ್ತಿರದ ಮುದುಕ ಒಬ್ಬನೇ ಇರುತ್ತಾನಲ್ಲ ಎಂಬ ಚಿಂತೆ ಅವಳಿಗೆ.

ಮತ್ತೆ ಕೇಳಿಸಿತು. ಟೊಕ್. ತಡೆದು, ಇನ್ನೊಂದು ಟೊಕ್. ಮಣ್ಣಿನ ಗಡಿಗೆ ಕಲ್ಲಿಗೆ ತಾಗುವ ಸದ್ದು.

ನೀರು ಬಂದಿತ್ತು.

ತುಂಗಭದ್ರೆಯ ಆಣೆಕಟ್ಟಿನ ಹಿನ್ನೀರು ಬೇಸಿಗೆಯಲ್ಲಿ ಹಿಂದಕ್ಕೆ ಸರಿದಾಗ ಬಿಟ್ಟುಹೋಗುವ ಮೆಕ್ಕಲು ಮಣ್ಣಿನಲ್ಲಿ ಹೊಸ ಕಾರಿಗಟ್ಟಿಯ ಜನ ಸೌತೆ, ಹೆಸರು, ಕಲ್ಲಂಗಡಿ ಬೆಳೆಯುತ್ತಿದ್ದರು. ಆ ಮಣ್ಣು ನೀರಿನದು. ನಾಲ್ಕು ತಿಂಗಳ ಮಟ್ಟಿಗೆ ಬಿಟ್ಟುಕೊಟ್ಟು, ಕೇಳದೆ ಹೇಳದೆ ವಾಪಸು ತೆಗೆದುಕೊಳ್ಳುತ್ತದೆ. ಇಲ್ಲಿ ಆಕಾಶ ಬಿಳಿಚಿಕೊಂಡು ನಿಂತಿರುವಾಗಲೇ ಎಲ್ಲೋ ಮಲೆನಾಡಿನಲ್ಲಿ ಬಿದ್ದ ಮಳೆ ರಾತ್ರೋರಾತ್ರಿ ಇಲ್ಲಿಯ ಬಳ್ಳಿಗಳನ್ನು ಮುಳುಗಿಸಿಬಿಡುತ್ತದೆ. ಅದಕ್ಕೇ ನೀರಿನ ಅಂಚಿಗೆ ಒಂದು ಕಲ್ಲುಕಂಬ ನೆಟ್ಟು, ಮೊಳದುದ್ದದ ಹಗ್ಗದಲ್ಲಿ ಖಾಲಿ ಗಡಿಗೆ ಕಟ್ಟಿರುತ್ತಿದ್ದರು. ನೆಲ ಒಣಗಿರುವ ತನಕ ಗಡಿಗೆ ಸುಮ್ಮನೆ ಕೂತಿರುತ್ತದೆ. ನೀರು ಬಂದರೆ ತೇಲಿ ಕಂಬಕ್ಕೆ ಬಡಿಯುತ್ತದೆ. ಆಗ ಕಾವಲಿನವನು ಎದ್ದು, ಗುಡಿಸಲ ಮುಂದಿನ ಜಾಲಿಮರಕ್ಕೆ ತೂಗುಹಾಕಿದ ರೈಲು ಹಳಿಯ ತುಂಡನ್ನು ಮೂರು ಸಲ ಬಾರಿಸಬೇಕು. ಒಂದು ಮೈಲು ದೂರದ ಊರೆಲ್ಲ ಎದ್ದು ಬುಟ್ಟಿ, ಗಾಡಿ ತೆಗೆದುಕೊಂಡು ಓಡಿ ಬರುತ್ತದೆ. ಇದಕ್ಕೊಂದು ಕಟ್ಟಳೆಯೂ ಇತ್ತು. ಹಳಿ ಬಾರಿಸುವ ಮೊದಲು ಕಾವಲಿನವನು ತನ್ನ ಹೊಲದ ಒಂದು ಕಾಯಿಯನ್ನೂ ಮುಟ್ಟುವಂತಿಲ್ಲ.

ಕಾವಲಿನವನು ಅವಳ ಅಪ್ಪ ದುರುಗಪ್ಪ. ನೀರಿನಡಿ ಹೋದ ಹಳೇ ಕಾರಿಗಟ್ಟಿಯಲ್ಲಿ ಅವನು ಕೆರೆಯ ನೀರಗಂಟಿ. ಯಾವ ಗದ್ದೆಗೆ ಯಾವ ಹೊತ್ತಿಗೆ ಎಷ್ಟು ನೀರು ಬಿಡಬೇಕೆಂದು ತೂಬಿನ ಬಳಿ ಕೂತು ನೋಡುವ ಕೆಲಸ ಅವನ ಮನೆತನದ್ದು. ಊರೂ ಕೆರೆಯೂ ಮುಳುಗಿ ಇಪ್ಪತ್ತಾರು ವರ್ಷವಾಗಿದ್ದರೂ ಜನ ಅವನನ್ನು ನೀರಗಂಟಿ ಎಂದೇ ಕರೆಯುತ್ತಿದ್ದರು. ತೂಬಿನೊಳಗೆ ಏಡಿ ಹೊಕ್ಕರೂ ಅವನಿಗೆ ಏರಿಯ ಮೇಲೆ ಮಲಗಿದ್ದಲ್ಲೇ ತಿಳಿಯುತ್ತಿತ್ತಂತೆ. ಈಗಿನ ಈ ಗುಡಿಸಲು ಇದ್ದದ್ದೂ ಅದೇ ಕೆರೆಯ ಏರಿಯ ಮೇಲೆ.

ಸುಂಕಮ್ಮ ಹಳಿಯ ಸದ್ದಿಗಾಗಿ ಕಾದಳು.

ಹಳಿ ಕೇಳಿಸಲಿಲ್ಲ. ಹೊರಗಿನಿಂದ ಬೀಡಿಯ ವಾಸನೆ ಬಂತು. ಅಂದರೆ ಅಪ್ಪ ಎಚ್ಚರವಾಗಿದ್ದಾನೆ. ಗಡಿಗೆ ಮತ್ತೆ ಬಡಿಯಿತು. ಬೀಡಿಯ ವಾಸನೆ ಹಾಗೇ ಬರುತ್ತಿತ್ತು.

ಹಾಗಾದರೆ ಅಪ್ಪನ ಕಿವಿ ಹೋಗಿದೆ. ಅವಳಿಗೆ ಮೊದಲೇ ಅನುಮಾನ ಬರಬೇಕಿತ್ತು. ಈಚೆಗೆ ಹಿಂದಿನಿಂದ ಕರೆದರೆ ಅವನು ತಿರುಗುತ್ತಿರಲಿಲ್ಲ. ಯಾವುದೋ ಯೋಚನೆಯಲ್ಲಿದ್ದಾನೆ ಎಂದುಕೊಂಡಿದ್ದಳು. ಯಾವ ಯೋಚನೆ ಎಂಬುದೂ ಅವಳಿಗೆ ಗೊತ್ತಿತ್ತು. ಕಲ್ಲುಬಾನಿಯದು.

ಆ ವರ್ಷ ನೀರು ಹಿಂದೆಂದೂ ಇಳಿಯದಷ್ಟು ಇಳಿದು ಹಳೇ ಊರು ಪೂರಾ ಮೇಲೆ ಬಂದಿತ್ತು. ಬೇರೆ ಬೇಸಿಗೆಗಳಲ್ಲಿ ಗುಡಿಯ ತಲೆ ಮಾತ್ರ ಕಾಣುತ್ತಿತ್ತು. ಈ ಸಲ ಓಣಿಗಳು, ಒಲೆಯ ಗುಂಡುಗಳು, ಹೊಸ್ತಿಲುಗಳು ಕೂಡ ಮಣ್ಣು ಬಳಿದುಕೊಂಡು ಎದ್ದು ಕೂತಿದ್ದವು. ಏರಿಯ ಕೆಳಗೆ ಹಿರೇಬಾವಿಯೂ ಕಂಡಿತು. ಅದರ ಕಟ್ಟೆಯಿಂದ ನಾಲ್ಕು ಮಾರು ಆಚೆಗೆ, ಒಂದೇ ಕಲ್ಲಿನಲ್ಲಿ ಕಡೆದ ಉದ್ದನೆಯ ಬಾನಿ. ಕೇರಿಯ ಹೆಂಗಸರು ಬಾವಿಯ ಕಟ್ಟೆ ಹತ್ತುವಂತಿರಲಿಲ್ಲ. ಬಾನಿಯ ಪಕ್ಕ ಕೊಡ ಇಟ್ಟುಕೊಂಡು ಕೂರಬೇಕು. ಊರ ಹೆಂಗಸರು ಮನಸ್ಸು ಬಂದಾಗ ಒಂದು ಕೊಡ ಬಾನಿಗೆ ಸುರಿಯುತ್ತಿದ್ದರು. ಅದನ್ನು ಚಿಪ್ಪಿನಲ್ಲಿ ಬಳಿದು ತುಂಬಿಕೊಂಡು ಹೋಗಬೇಕು. ಆರು ವರ್ಷದ ಸುಂಕಮ್ಮ ಅವ್ವ ಪಕ್ಕೀರಮ್ಮನ ಸೆರಗು ಹಿಡಿದು ಅಲ್ಲಿ ಎಷ್ಟು ಬೆಳಗು ಕೂತಿದ್ದಳೋ, ಲೆಕ್ಕವಿಲ್ಲ.

ಹೊಸ ಊರಿನಲ್ಲಿ ಬಾನಿ ಇರಲಿಲ್ಲ. ಎಂಜಿನಿಯರು ಗೆರೆಪಟ್ಟಿ ಇಟ್ಟು ಎಳೆದ ಊರು ಅದು. ಚೀಟಿ ಎತ್ತಿ ನಿವೇಶನ ಹಂಚಿದ್ದರಿಂದ ನೀರಗಂಟಿ ದುರುಗಪ್ಪನ ಮನೆಯ ಗೋಡೆಗೆ ಗುರುಬಸಮ್ಮನ ಮನೆಯ ಗೋಡೆ ಬಂದಿತ್ತು. ಗುರುಬಸಮ್ಮ ಹೊಳಲಿನಿಂದ ಹಳೇ ಕಾರಿಗಟ್ಟಿಗೆ ಸೊಸೆಯಾಗಿ ಬಂದವಳು, ಲಿಂಗವಂತರ ಮನೆಯವಳು. ಮೊದಲು ಆರು ತಿಂಗಳು ಆಕೆ ಹಿತ್ತಲ ಕಡೆ ತಲೆ ಹಾಕಿರಲಿಲ್ಲ. ಆಮೇಲೆ ಯಾವುದೋ ಜ್ವರದಲ್ಲಿ ಪಕ್ಕೀರಮ್ಮ ಗೋಡೆಯ ಮೇಲಿಂದ ಗಂಜಿ ಕೊಟ್ಟಳು. ಅಲ್ಲಿಂದ ಮಾತು ಬೆಳೆಯಿತು. ಊರಿಗೆ ಒಂದೇ ಬೋರಿಂಗ್. ಎಲ್ಲರೂ ಅದರ ಹಿಡಿಕೆ ಒತ್ತಲೇಬೇಕು. ಶುರುವಿನಲ್ಲಿ ಜಗಳವಾಯಿತು, ಕೊಡ ಒಡೆದವು, ಪೊಲೀಸರೂ ಬಂದುಹೋದರು. ಆಮೇಲೆ ಸಾಲು ಬಂತು. ಆ ಸಾಲಿನಲ್ಲಿ ನಿಂತು ಕಲಿತ ಧೈರ್ಯದಿಂದಲೇ ತಾನು ಹೊಸಪೇಟೆಯ ಹಾಸ್ಟೆಲಿಗೆ ಹೋದೆ, ಕಾಲೇಜು ಮುಗಿಸಿದೆ ಎಂದು ಸುಂಕಮ್ಮನಿಗೆ ಅನ್ನಿಸುತ್ತಿತ್ತು.

ಹೋದ ತಿಂಗಳು ಬೆನಕಪ್ಪ ಸಭೆ ಕರೆದಿದ್ದ. ಕಾಳಿನ ವ್ಯಾಪಾರಿ, ಊರ ಹಿರಿಯ, ಕೆಟ್ಟವನೇನಲ್ಲ.

"ಹಿರೇರ ಕಲ್ಲು ಹಂಗ ನೀರಾಗ ಕೊಳೆಯಾಕ ಬಿಡೂದು ಬ್ಯಾಡ," ಎಂದಿದ್ದ. "ಬಾನಿ ತಂದು ಬೋರಿಂಗ್ ಬಾಜೂಕ ಇಡೂಣು. ದನಕ್ಕ ಕುಡಿಯಾಕ ಆಗ್ತೈತಿ."

ದುರುಗಪ್ಪ ಎದ್ದು ನಿಂತು, "ಅದು ಬ್ಯಾಡ್ರಿ ಸಾವ್ಕಾರ್ರ," ಎಂದ. ಅಷ್ಟೇ. ಅವನು ಸಭೆಗಳಲ್ಲಿ ಮಾತನಾಡುವವನಲ್ಲ.

"ಯಾಕೋ? ದನಕ್ಕಪಾ," ಎಂದು ಬೆನಕಪ್ಪ ನಕ್ಕ. "ಮತ್ತ ನಿಮ್ಮ ಹೆಣ್ಮಕ್ಕಳಿಗೂ ಅನುಕೂಲ. ಬೋರಿಂಗ್‌ನ್ಯಾಗ ಯಾಕ ಗದ್ದಲ ಮಾಡ್ಕೋಬೇಕು? ನಾವೇ ತುಂಬಿಸಿ ಇಡ್ತೀವಿ, ತಗೊಂಡು ಹೋಗ್ಲಿ."

ಅವನು ಅದನ್ನು ಉಪಕಾರವೆಂದೇ ತಿಳಿದು ಹೇಳಿದ್ದ. ಕೇರಿಯ ಹುಡುಗರಿಗೂ ಅದರಲ್ಲೇನೂ ಕಾಣಲಿಲ್ಲ. ಅವರು ಹೊಸ ಊರಿನಲ್ಲಿ ಹುಟ್ಟಿದವರು. "ಕಲ್ಲಾಗೇನೈತಿ ಕಾಕಾ, ಕಲ್ಲು," ಎಂದು ಹುಲುಗಪ್ಪ ದುರುಗಪ್ಪನ ಭುಜ ಹಿಡಿದು ಕೂರಿಸಿದ್ದ.

ಇವತ್ತು ಸಂಜೆಯ ಹೊತ್ತಿಗೆ ಹಾರೆ ಹಾಕಿ ಬಾನಿಯನ್ನು ಎಬ್ಬಿಸಿ ಮರದ ದುಂಡುಗಳ ಮೇಲೆ ಕೂರಿಸಿಯಾಗಿತ್ತು. ಹಗ್ಗ, ಹಾರೆ ಎಲ್ಲ ಅಲ್ಲೇ ಬಿಟ್ಟಿದ್ದರು. ನಾಳೆ ಬೆಳಿಗ್ಗೆ ನಾಲ್ಕು ಜೊತೆ ಎತ್ತು ಹೂಡಿ ಮೇಲೆ ಎಳೆಯುವುದು.

ಸುಂಕಮ್ಮ ಎದ್ದು ಹೊರಗೆ ಬಂದಳು. ಅರ್ಧ ಚಂದ್ರನಿದ್ದ. ದುರುಗಪ್ಪ ಏರಿಯ ಕಲ್ಲಿನ ಮೇಲೆ ಕಂಬಳಿ ಹೊದ್ದು ಕೂತಿದ್ದ.

"ಯಪ್ಪಾ," ಎಂದಳು. ಅವನು ತಿರುಗಲಿಲ್ಲ. ಹತ್ತಿರ ಹೋಗಿ ಕಿವಿಯ ಬಳಿ ಬಾಗಿ ಗಟ್ಟಿಯಾಗಿ ಹೇಳಿದಳು. "ಯಪ್ಪಾ, ಗಡಿಗಿ ಬಡಿಯಾಕ ಹತ್ತೈತಿ."

"ಯಾಕ ಒದರ್ತಿ? ಕೇಳೈತಿ," ಎಂದ ದುರುಗಪ್ಪ. "ನಿನಗಿಂತ ಮೊದ್ಲು ಕೇಳೈತಿ. ನೀ ಎದ್ದಿದ್ದು ಮೂರನೇ ಸಪ್ಪಳಕ್ಕ."

ಸುಂಕಮ್ಮ ಅವನ ಮುಖ ನೋಡಿದಳು. ಅವಳಿಗೆ ಮೊದಲು ಆದದ್ದು ಸಮಾಧಾನ, ಕಿವಿ ಹೋಗಿಲ್ಲವಲ್ಲ ಎಂದು. ಅದರ ಬೆನ್ನಿಗೇ ಹೆದರಿಕೆ.

"ಮತ್ತ ಹಳಿ?"

"ಬಾರಸ್ತೀನಿ. ಬೆಳ್ಳಿ ಚುಕ್ಕಿ ಮೂಡ್ಲಿ."

"ಅಷ್ಟೊತ್ತಿಗೆ ನೀರು..."

"ಬಾನಿ ಬಾಯಿಮಟ ಬರ್ತೈತಿ," ಎಂದು ಅವನು ಬೀಡಿಯನ್ನು ಕಲ್ಲಿಗೆ ಒರೆಸಿ ಆರಿಸಿದ. "ಆಮ್ಯಾಲೆ ನಮ್ಮ ಹೊಲ. ಅದರಾಚೆ ಏರಿ ಐತಿ. ಏರಿ ಹಿಂದ ಇರೋರ ಹೊಲಕ್ಕ ನಾಳಿ ಸಂಜಿತನಕ ನೀರು ಮುಟ್ಟಂಗಿಲ್ಲ. ಅವರು ತಮ್ಮ ಕಾಯಿ ಬಿಡಿಸ್ಕೊಳ್ಳಾಕ ಹೊತ್ತು ಐತಿ. ಹುಲುಗಪ್ಪ ಬಾವಿಕಟ್ಟಿ ಮ್ಯಾಲೆ ಮಲಗ್ತೀನಿ, ಹಾರಿ ಕಾಯ್ತೀನಿ ಅಂದ. ಹಾವು ಕಂಡೀನಿ ಅಂತ ಹೇಳಿ ಸಂಜಿಗೇ ಮನಿಗೆ ಕಳಿಸೀನಿ."

ಎಲ್ಲವನ್ನೂ ಅವನು ಮೊದಲೇ ಯೋಚಿಸಿಟ್ಟಿದ್ದ. ಹೊಸಪೇಟೆಯಿಂದ ಬಂದ ಬಸ್ಸಿನ ಕಂಡಕ್ಟರನ ಹತ್ತಿರ ಮಲೆನಾಡಿನ ಮಳೆಯ ಸುದ್ದಿ ಕೇಳಿದ್ದ. ಎರಡು ದಿನದಿಂದ ನೀರಿನ ಅಂಚಿನಲ್ಲಿ ಕಡ್ಡಿ ಚುಚ್ಚಿ ಚುಚ್ಚಿ ನೋಡುತ್ತಿದ್ದ. ಹಿಂದಿನಿಂದ ಕರೆದರೆ ತಿರುಗದೆ ಇದ್ದದ್ದು ಅದಕ್ಕೆ.

"ಇದು ತಪ್ಪು," ಎಂದಳು ಸುಂಕಮ್ಮ. ಶಾಲೆಯಲ್ಲಿ ಹೇಳುವ ಧ್ವನಿ ಬಂದದ್ದು ಅವಳಿಗೇ ಕೇಳಿಸಿತು.

"ಹೌದು," ಎಂದ ದುರುಗಪ್ಪ.

ಅವಳು ಜಾಲಿಮರದ ಕೆಳಗೆ ಹೋದಳು. ಹಳಿಯ ತುಂಡು ತಣ್ಣಗೆ ತೂಗುತ್ತಿತ್ತು. ಆಣೆಕಟ್ಟಿನ ಕೆಲಸ ನಡೆದಾಗ ಕಲ್ಲು ಸಾಗಿಸಲು ಹಾಕಿದ್ದ ಹಳಿಯ ತುಂಡಂತೆ ಅದು. ಅದರದೇ ಇನ್ನೊಂದು ತುಂಡು ಅವಳ ಶಾಲೆಯ ಗಂಟೆ. ಅದನ್ನು ಬಾರಿಸಿ ಮಕ್ಕಳನ್ನು ಕೂರಿಸಿಕೊಂಡು ಅವಳು ಪಾಠ ಮಾಡುತ್ತಿದ್ದಳು: ಆಣೆಕಟ್ಟಿನಿಂದ ನೀರಾವರಿ, ವಿದ್ಯುತ್ತು, ಆಹಾರ. ಹೋದ ವರ್ಷ ಹಿಂದಿನ ಸಾಲಿನ ಹುಡುಗಿಯೊಬ್ಬಳು, "ಅಕ್ಕೋರ, ನೀರಾವರಿ ಅಂದ್ರ ನಮ್ಮವ್ವ ನಾಟಿ ಹಚ್ಚಾಕ ಹೋಗ್ತಾಳಲ್ಲ, ಅದಾ?" ಎಂದು ಕೇಳಿದ್ದಳು. ಕಾರಿಗಟ್ಟಿಯ ಹೆಂಗಸರು ವರ್ಷಕ್ಕೆ ಎರಡು ಸಲ ಲಾರಿ ಹತ್ತಿ ಗಂಗಾವತಿಯ ಕಡೆ, ಕಾಲುವೆ ನೀರಿನ ಗದ್ದೆಗಳಿಗೆ ಭತ್ತದ ನಾಟಿಗೆ ಹೋಗುತ್ತಿದ್ದರು. ತಮ್ಮ ಮನೆ ಮುಳುಗಿಸಿದ ನೀರಿನಲ್ಲಿ ಮೊಣಕಾಲುದ್ದ ನಿಂತು ದುಡಿದು, ಒಂದು ಚೀಲ ಅಕ್ಕಿ ಹೊತ್ತು ಬರುತ್ತಿದ್ದರು. ಆ ಅಕ್ಕಿಯನ್ನು ಎಲ್ಲರೂ ಉಂಡಿದ್ದರು. ವಿದ್ಯುತ್ತಿನ ತಂತಿ ಇಪ್ಪತ್ತು ವರ್ಷ ಊರ ಮೇಲೇ ಹಾದುಹೋಗಿ ಮೂರು ವರ್ಷದ ಹಿಂದೆ ಕೆಳಗಿಳಿದು ಬಂದಿತ್ತು. ಹುಡುಗಿಗೆ ಅವಳು "ಹೌದು, ಅದೂ" ಎಂದಷ್ಟೇ ಹೇಳಿ ಮುಂದಿನ ಪುಟ ತಿರುವಿದ್ದಳು. ಊರು ಮುಳುಗದಿದ್ದರೆ ತಾನು ಆ ಪಾಠ ಹೇಳುವ ಕಡೆ ನಿಂತಿರುತ್ತಿರಲಿಲ್ಲ ಎಂಬುದನ್ನು ಪುಸ್ತಕದ ಯಾವ ಸಾಲಿಗೆ ಸೇರಿಸುವುದೆಂದು ಅವಳಿಗೆ ತಿಳಿದಿರಲಿಲ್ಲ.

ಅವಳು ಕಬ್ಬಿಣದ ಸರಳನ್ನು ಕೈಗೆ ತೆಗೆದುಕೊಂಡಳು.

"ಬಾರಸ್ತಿಯೇನು?" ದುರುಗಪ್ಪ ಕೂತಲ್ಲಿಂದಲೇ ಕೇಳಿದ. "ಬಾರಸು. ನಾ ತಡಿಯಂಗಿಲ್ಲ. ಕಟ್ಟಳಿ ಕಟ್ಟಳಿನ."

ಸುಂಕಮ್ಮ ಬಾರಿಸಲಿಲ್ಲ. ಇಟ್ಟೂ ಬಿಡಲಿಲ್ಲ.

"ಈಗ ಬಾರಿಸಿದ್ರ ಇಪ್ಪತ್ತು ಮಂದಿ ಬಂದು ಬಾನಿ ಮ್ಯಾಲೆ ಎಳಿತಾರ," ಎಂದು ಅವನು ನಿಧಾನವಾಗಿ ಹೇಳಿದ. "ಬೆನಕಪ್ಪನ ಮನಸಿನ್ಯಾಗ ಖೋಟಿ ಇಲ್ಲ, ನನಗ ಗೊತ್ತೈತಿ. ಒಂದು ವರ್ಷ ದನ ಕುಡಿತಾವ. ಎರಡನೇ ವರ್ಷ ಬಿರು ಬ್ಯಾಸಗಿ ಬರ್ತೈತಿ, ಬೋರಿಂಗ್ ಸಣ್ಣಗ ಬರಾಕ ಹತ್ತತೈತಿ. ಆವಾಗ ಯಾರ ಕೊಡ ಎಲ್ಲಿ ಇಡಬೇಕು ಅಂತ ಮನಷಾರು ಹೇಳೂದು ಬ್ಯಾಡ, ಬಾನಿನ ಹೇಳ್ತೈತಿ. ನೀ ಓದಿದಾಕಿ. ಆದ್ರ ನೀರಿನ ವಿಷಯ ನನಗ ಗೊತ್ತೈತಿ. ನೀರು ಹಳೇ ದಾರಿ ಮರಿಯಂಗಿಲ್ಲ."

"ಬೆಳಿಗ್ಗಿ ನಿನಗ ಏನಂತಾರ?"

"ನೀರಗಂಟಿ ಕಿವುಡ ಆಗ್ಯಾನ ಅಂತಾರ. ಅನ್ಲಿ."

ಕೇರಿಯವನ ಮಾತನ್ನು ಊರು ಎದುರುತ್ತರವಿಲ್ಲದೆ ಕೇಳುತ್ತಿದ್ದದ್ದು ಒಂದೇ ಕಡೆ, ನೀರಿನ ವಿಷಯದಲ್ಲಿ. ಅದು ಅಪ್ಪನ ಕಿವಿಗೆ ಸಿಕ್ಕ ಮರ್ಯಾದೆ. ಅದನ್ನು ಅವನು ಕೈಯಾರೆ ಒಗೆಯಲು ಕೂತಿದ್ದ.

"ಹೋಗ್ಲಿ, ನಮ್ಮ ಕಾಯಿನಾರ ಬಿಡಿಸೂಣು. ನಲವತ್ತು ಕಲ್ಲಂಗಡಿ ಅದಾವ," ಎಂದಳು.

"ಒಂದು ಕಿತ್ತರೂ ನನಗ ಗಡಿಗಿ ಕೇಳಿತ್ತು ಅಂತ ಆಗ್ತೈತಿ. ಬಿಡು."

ಅವಳು ಸರಳನ್ನು ಮರದ ಬುಡಕ್ಕೆ ಒರಗಿಸಿಟ್ಟಳು. ಆಗಲೇ ಗುರುಬಸಮ್ಮನ ನೆನಪಾಯಿತು.

ಊರು ಖಾಲಿ ಮಾಡುವ ಹಿಂದಿನ ವರ್ಷ ಗುರುಬಸಮ್ಮನ ಮೂರು ವರ್ಷದ ಮಗಳು ತೀರಿಕೊಂಡಿತ್ತು. ಏರಿಯ ಬಡಗಣ ತುದಿಯಲ್ಲಿ, ಬೇವಿನ ಮರದ ಕೆಳಗೆ ಮಣ್ಣು ಮಾಡಿ, ವಿಭೂತಿಯ ಮೂರು ಗೆರೆ ಕೆತ್ತಿಸಿದ ಬಿಳಿಕಲ್ಲು ಇಡಿಸಿದ್ದರು. ಆಮೇಲೆ ಮಕ್ಕಳಾಗಲಿಲ್ಲ. ಬೇರೆ ಬೇಸಿಗೆಗಳಲ್ಲಿ ನೀರು ಆ ತುದಿಯ ತನಕ ಇಳಿಯುತ್ತಿರಲಿಲ್ಲ. ಮೊನ್ನೆ ಸುಂಕಮ್ಮನೇ ಬೇವಿನ ಬೊಡ್ಡೆಯನ್ನೂ ಅದರ ಬುಡದ ಬಿಳಿಕಲ್ಲನ್ನೂ ಕಂಡು ಬಂದು ಹೇಳಿದ್ದಳು. ಮುದುಕಿ, "ಮಣಕಾಲು ಹಿಡದಾವ, ಕೆಸರಾಗ ನಡಿಯಾಕ ಆಗಂಗಿಲ್ಲ. ಬಾನಿ ತರಾಕ ಎತ್ತಿನ ಗಾಡಿ ಹೋಗ್ತಾವಂತಲ್ಲ, ಅದರಾಗ ಕುಂಡ್ರಿಸಿಕೊಂಡು ಹೋಗು ಸುಂಕವ್ವ. ಒಂದು ಸಲ ಮುಟ್ಟಿ ಬರ್ತೀನಿ," ಎಂದಿದ್ದಳು. ಇವತ್ತು ಸಂಜೆ ಕತ್ತಲಾಗುವ ತನಕ ಇಬ್ಬರೂ ಗುರುಬಸಮ್ಮನ ಮನೆಯ ಕಟ್ಟೆಯ ಮೇಲೆ ಕೂತು ಅದೇ ಮಾತಾಡಿದ್ದರು. ಉಟ್ಟುಕೊಂಡು ಹೋಗಲು ಮುದುಕಿ ಸೀರೆ ಕೂಡ ತೆಗೆದಿಟ್ಟಿದ್ದಳು.

"ಗುರುಬಸಮ್ಮನ ಕೂಸಿನ ಕಲ್ಲು," ಎಂದಳು ಸುಂಕಮ್ಮ.

ದುರುಗಪ್ಪ ತಲೆ ಎತ್ತಿದ. ಅದೊಂದನ್ನು ಅವನು ಯೋಚಿಸಿರಲಿಲ್ಲ. ನೀರಿನ ಅಂಚು ಎಲ್ಲಿಗೆ ಬಂದಿದೆಯೆಂದು ಕಣ್ಣಳತೆ ಮಾಡಿದ.

"ಏರಿ ಗುಂಟ ಹೋಗು," ಎಂದ. "ತುದಿಗೆ ಇಳಿಜಾರು ಐತಿ, ಕೂತು ಇಳಿ. ನೀರು ಪಾದಕ್ಕ ತಾಗಿದ್ರ ತಿರುಗಿ ಬಾ. ಕಲ್ಲು ಸಿಗಲಿ, ಬಿಡಲಿ. ವಾಪಸ್ ಬರೂವಾಗ ಬಾವಿ ಕಡಿಂದ ಬಾ, ಅಲ್ಲಿ ನೆಲ ಗಟ್ಟಿ ಐತಿ."

ಅವಳು ಲಾಟೀನು ಒಯ್ಯಲಿಲ್ಲ. ಊರಿನಿಂದ ಯಾರಾದರೂ ಕಂಡಾರು. ಸೀರೆ ಎತ್ತಿ ಕಟ್ಟಿ ಏರಿಯ ಮೇಲೆ ನಡೆದಳು. ಮೂವತ್ತೆರಡು ವರ್ಷದ ಟೀಚರಮ್ಮ ಹೀಗೆ ಕಳ್ಳಿಯ ಹಾಗೆ ಹೋಗುತ್ತಿದ್ದೇನಲ್ಲ ಎಂದು ಒಂದು ಕ್ಷಣ ನಾಚಿಕೆಯಾಯಿತು. ಎಡಕ್ಕೆ ನೀರು ಸದ್ದಿಲ್ಲದೆ ಬರುತ್ತಿತ್ತು. ಅಲೆ ಇಲ್ಲ, ನೊರೆ ಇಲ್ಲ. ನೋಡುತ್ತ ನಿಂತರೆ ನಿಂತಲ್ಲೇ ಇದೆ ಅನ್ನಿಸುತ್ತಿತ್ತು. ಕಣ್ಣು ಬೇರೆ ಕಡೆ ತಿರುಗಿಸಿ ಮತ್ತೆ ನೋಡಿದರೆ ಆಗ ಕಂಡ ಒಲೆಗುಂಡು ಈಗ ಇರುತ್ತಿರಲಿಲ್ಲ.

ಇಳಿಜಾರಿನಲ್ಲಿ ಮೆಕ್ಕಲು ನಿಲ್ಲದ್ದರಿಂದ ಕಲ್ಲು ಇನ್ನೂ ಮೇಲೆಯೇ ಇತ್ತು. ಬೆರಳು ಹಾಕಿ ಕೆದಕಿದಳು. ಅಂಗೈ ಎರಡರಷ್ಟು ಅಗಲದ ಕಲ್ಲು ಬುಡಸಮೇತ ಬಂತು. ಮೂರು ಗೆರೆ ಬೆರಳಿಗೆ ತಾಗಿದವು. ಏಳುವಾಗ ಪಾದ ತಣ್ಣಗಾಯಿತು. ಅವಳು ತಿರುಗಿದಳು.

ಬಾವಿಯ ಹತ್ತಿರ ಬಂದಾಗ ದುಂಡುಗಳ ಕೆಳಗೆ ನೀರು ಆಗಲೇ ಹೊಳೆಯುತ್ತಿತ್ತು. ಬಾನಿ ಮೇಲೆ ಕೂತಿತ್ತು, ಹೊರಡಲು ಸಿದ್ಧವಾದ ಗಾಡಿಯಂತೆ. ಅವಳು ನಿಲ್ಲಬಾರದೆಂದುಕೊಂಡಳು, ಆದರೂ ನಿಂತಳು. ಅಂಚನ್ನು ಮುಟ್ಟಿದಳು. ಬಾವಿಯ ಕಡೆಯ ಅಂಚು ಒರಟು. ಈಚೆಯ ಅಂಚು, ಕೇರಿಯ ಹೆಂಗಸರು ಕೊಡ ಒರಗಿಸಿ ಕಾಯುತ್ತಿದ್ದ ಅಂಚು, ಒನಕೆಯ ಹಿಡಿಯಂತೆ ನುಣುಪಾಗಿ ಸವೆದಿತ್ತು. ಅಷ್ಟು ಸವೆಯಲು ಎಷ್ಟು ತಲೆಮಾರು ಕಾದಿರಬೇಕು. ಅದರಲ್ಲಿ ಅವ್ವನ ಪಾಲೂ ಇತ್ತು. ಅವ್ವ ಸತ್ತು ಒಂಬತ್ತು ವರ್ಷವಾಗಿತ್ತು. ಫೋಟೋ ತೆಗೆಸಿರಲಿಲ್ಲ. ಅವಳ ಕೈಯ ಗುರುತು ಎಂದು ಲೋಕದಲ್ಲಿ ಉಳಿದದ್ದು ಇದೊಂದೇ ಇರಬಹುದು ಎಂದು ಸುಂಕಮ್ಮನಿಗೆ ಥಟ್ಟನೆ ಹೊಳೆಯಿತು. ಇದನ್ನು ಮುಳುಗಲು ಬಿಟ್ಟವರಲ್ಲಿ ತಾನೂ ಒಬ್ಬಳು.

ನೀರು ಹಿಮ್ಮಡಿಗೆ ಬಂತು. ಅವಳು ಓಡಿದಳು.

ಬೆಳ್ಳಿ ಚುಕ್ಕಿ ಮೂಡಿದಾಗ ದುರುಗಪ್ಪ ಎದ್ದು ಹಳಿಯನ್ನು ಮೂರು ಸಲ ಬಾರಿಸಿದ. ಬೆಳಕು ಹರಿಯುವ ಹೊತ್ತಿಗೆ ಏರಿಯ ಮೇಲೆ ಊರು ನೆರೆದಿತ್ತು. ಹಿರೇಬಾವಿಯ ಕಟ್ಟೆ ಇದ್ದಲ್ಲಿ ನೀರು, ಬಾನಿ ಇದ್ದಲ್ಲಿ ನೀರು. ಕೆಳಗಿನ ಹೊಲದಲ್ಲಿ ದುರುಗಪ್ಪನ ಕಲ್ಲಂಗಡಿಗಳು ಬಳ್ಳಿಗೆ ಕಟ್ಟಿಹಾಕಿದ ಕರುಗಳಂತೆ ತೇಲುತ್ತ ಅತ್ತಿತ್ತ ಎಳೆದಾಡುತ್ತಿದ್ದವು.

ಬೆನಕಪ್ಪ ಸೊಂಟದ ಮೇಲೆ ಕೈ ಇಟ್ಟು ನಿಂತ. "ಏನಪಾ ನೀರಗಂಟಿ, ನಿನ್ನ ಕಿವ್ಯಾಗೂ ಮೆಕ್ಕಲು ತುಂಬೈತೇನು?"

ಕೆಲವರು ನಕ್ಕರು.

"ಕೇಳ್ಸಲಿಲ್ರಿ ಸಾವ್ಕಾರ್ರ," ಎಂದ ದುರುಗಪ್ಪ. "ಕಣ್ಣಿಗೆ ಕಂಡ ಮ್ಯಾಲೆ ಬಾರಿಸೀನಿ."

"ಇವನ ಗೊರಕಿಗೆ ಗಡಿಗಿನ ಹೆದರಿ ಸುಮ್ನಾಗಿರಬೇಕು," ಎಂದು ಯಾರೋ ಹಿಂದಿನಿಂದ ಹೇಳಿದರು. ಈ ಸಲ ನಗು ಜೋರಾಗಿ ಬಂತು.

ಸುಂಕಮ್ಮ ಗುಡಿಸಲ ಕಂಬ ಹಿಡಿದು ನಿಂತಿದ್ದಳು. ಅವನಿಗೆ ಕೇಳಿತ್ತು, ನಿಮ್ಮೆಲ್ಲರಿಗಿಂತ ಮೊದಲು ಕೇಳಿತ್ತು ಎಂಬ ಮಾತು ಅವಳ ನಾಲಗೆಯ ತುದಿಯಲ್ಲಿತ್ತು. ದುರುಗಪ್ಪ ಅವಳ ಕಡೆ ನೋಡಲಿಲ್ಲ. ನೆಲ ನೋಡುತ್ತ, ಪೂರಾ ಕಿವುಡನಂತೆ ನಿಂತಿದ್ದ.

"ನನ್ನ ಹಾರಿ ಮೂರು, ಹೊಸ ಹಗ್ಗ, ಎಲ್ಲಾ ಹೋದ್ವು," ಎಂದ ಬೆನಕಪ್ಪ. ಆಮೇಲೆ ತೇಲುವ ಕಾಯಿಗಳ ಕಡೆ ನೋಡಿ ದನಿ ಇಳಿಸಿದ. "ನಿನ್ನ ಬೆಳಿನೂ ಹೋತಲ್ಲೋ ಮಾರಾಯ. ವಯಸ್ಸು ಆತು ಬಿಡು. ಮುಂದಿನ ವರ್ಷದಿಂದ ಹುಲುಗಪ್ಪ ಕಾವಲು ಇರ್ಲಿ. ನೀ ಮನ್ಯಾಗ ಇರು." ಸುಂಕಮ್ಮನ ಕಡೆ ತಿರುಗಿ, "ಟೀಚರಮ್ಮ, ಸಂಜಿಗೆ ಒಂದು ಚೀಲ ಜೋಳ ಕಳಸ್ತೀನಿ. ಬ್ಯಾಡ ಅನಬ್ಯಾಡ. ಮುದುಕನ ಬೆಳಿ ಹೋಗೈತಿ," ಎಂದ.

ದುರುಗಪ್ಪ ಸರಳನ್ನು ತಂದು ಹುಲುಗಪ್ಪನ ಕೈಗೆ ಕೊಟ್ಟ. ಜನ ಏರಿಯ ಹಿಂದಿನ ಹೊಲಗಳಿಗೆ ಇಳಿದರು. ಅವನು ಹೇಳಿದ್ದಂತೆಯೇ ನೀರು ಅಲ್ಲಿಗೆ ಮುಟ್ಟಿದ್ದು ಸಂಜೆ, ಕೊನೆಯ ಗಾಡಿ ಹೊರಟ ಮೇಲೆ.

ಆ ಸಂಜೆ ಸುಂಕಮ್ಮ ಕಲ್ಲನ್ನು ಹಳೆ ಸೀರೆಯ ತುಂಡಿನಲ್ಲಿ ಸುತ್ತಿಕೊಂಡು ಪಕ್ಕದ ಮನೆಗೆ ಹೋದಳು. ಹೋಗುವ ಮುಂಚೆ ಮಧ್ಯಾಹ್ನವೆಲ್ಲ ಲೆಕ್ಕ ಹಾಕಿದ್ದಳು. ಕೊಟ್ಟರೆ ಗುಟ್ಟು ಬಯಲಾಗಬಹುದು. ಕೊಡದಿದ್ದರೆ ಕಲ್ಲು ತಂದದ್ದೇ ವ್ಯರ್ಥ. ಹಿಂದಿನ ದಿನ ಸಂಜೆಯೇ ತಂದಿದ್ದೆ ಎನ್ನಬೇಕು ಎಂದು ಒಂದು ವಾಕ್ಯ ಹೊಂದಿಸಿಟ್ಟುಕೊಂಡಿದ್ದಳು.

ಗುರುಬಸಮ್ಮ ಒಳಮನೆಯಲ್ಲಿ ಗೋಡೆಗೆ ಒರಗಿ ಕೂತಿದ್ದಳು. ತೆಗೆದಿಟ್ಟ ಸೀರೆ ಹಾಗೇ ಮಡಿಕೆಯಲ್ಲಿ ಪಕ್ಕದಲ್ಲಿತ್ತು. ಸುಂಕಮ್ಮ ಗಂಟು ಬಿಚ್ಚಿದಳು. ಮುದುಕಿ ಕಲ್ಲನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ಮಡಿಲಲ್ಲಿಟ್ಟುಕೊಂಡು ಮೂರು ಗೆರೆಗಳ ಮೇಲೆ ಬೆರಳು ಆಡಿಸಿದಳು. ಅಳಲಿಲ್ಲ.

"ನಿನ್ನೆ ಸಂಜಿಗೇ ತಂದಿದ್ದೆ ಅಮ್ಮಾರ. ಕೊಡೂದು ಮರೆತೆ," ಎಂದಳು ಸುಂಕಮ್ಮ.

ಗುರುಬಸಮ್ಮ ತಲೆ ಎತ್ತಿ ಅವಳನ್ನು ನೋಡಿದಳು. ನಿನ್ನೆ ಸಂಜೆ ಇಬ್ಬರೂ ಕತ್ತಲಾಗುವ ತನಕ ಎಲ್ಲಿ ಕೂತಿದ್ದೆವೆಂಬುದು ಆಗ ಸುಂಕಮ್ಮನಿಗೂ ನೆನಪಾಯಿತು. ಇಷ್ಟು ಹುಷಾರಿಯಿಂದ ಹೊಂದಿಸಿದ ವಾಕ್ಯದಲ್ಲಿ ಅದೊಂದು ತಪ್ಪಿಹೋಗಿತ್ತು. ನಿಜ ಹೇಳಿಬಿಡೋಣ ಎಂದು ಬಾಯಿ ತೆರೆದಳು.

"ನಿಮ್ಮವ್ವಗ ನಾನೂ ಬಾನಿಗೆ ನೀರು ಹಾಕ್ತಿದ್ದೆ," ಎಂದಳು ಗುರುಬಸಮ್ಮ, ಅವಳಿಗಿಂತ ಮೊದಲು. ದನಿಯಲ್ಲಿ ಏರಿಳಿತ ಇರಲಿಲ್ಲ. "ಕಟ್ಟಿ ಮ್ಯಾಲೆ ನಿಂತು. ಆಕಿ ಮುಖ ಸೈತ ಸರಿಯಾಗಿ ನೋಡ್ತಿರಲಿಲ್ಲ. ಎಷ್ಟೋ ದಿನ ಹಾಕದ ಹಂಗ ಹೋಗೀನಿ. ಅಡಗಿ ಗಡಿಬಿಡಿ ಇರ್ತಿತ್ತು. ನೀ ಸಣ್ಣಾಕಿ, ಸೆರಗು ಹಿಡ್ಕೊಂಡು ಕುಂತಿರ್ತಿದ್ದಿ."

ಸುಂಕಮ್ಮ ಗಂಟು ಬಿಚ್ಚಿದ ಬಟ್ಟೆಯನ್ನು ಮಡಚುತ್ತ ಕೂತಳು.

"ಈ ಊರಿಗೆ ಬಂದ ಮ್ಯಾಲೆ ಆಕಿ ನನಗ ಗಂಜಿ ಕೊಟ್ಟಳು. ಬಾನಿ ವಿಷಯ ಒಂದು ದಿನ ಆಡಲಿಲ್ಲ. ನಾನೂ ಆಡಲಿಲ್ಲ." ಗುರುಬಸಮ್ಮ ಕಲ್ಲನ್ನು ಸೆರಗಿನಿಂದ ಒರೆಸಿದಳು. "ನಿಮ್ಮಪ್ಪ ಊಟ ಮಾಡಿದನೇನು?"

"ಮಾಡಿದ್ರಿ."

"ಅವನ ಕಿವಿಗೆ ಬೆಚ್ಚಗ ಎಣ್ಣಿ ಬಿಡು," ಎಂದಳು ಗುರುಬಸಮ್ಮ. ಆಮೇಲೆ ದನಿ ತಗ್ಗಿಸಿ, "ಮಂದಿ ನೋಡೂ ಹಂಗ ಕಟ್ಟಿ ಮ್ಯಾಲೆ ಕುಂಡ್ರಿಸಿ ಬಿಡು," ಎಂದಳು.

ಸುಂಕಮ್ಮ ಹೊರಗೆ ಬಂದಳು. ಬೋರಿಂಗ್ ಸುತ್ತ ಸಂಜೆಯ ಸಾಲು ನಿಂತಿತ್ತು. ಹಿಡಿಕೆ ಕಿರುಗುಟ್ಟುತ್ತಿತ್ತು. ಯಾರೋ ಮುಂದೆ ನುಗ್ಗಿದ್ದಕ್ಕೆ ಇನ್ಯಾರೋ ಬೈಯುತ್ತಿದ್ದರು. ಬೆನಕಪ್ಪನ ಸೊಸೆ ಹುಲುಗಪ್ಪನ ಹೆಂಡತಿಯ ಹಿಂದೆ ಕೊಡ ಸೊಂಟಕ್ಕಿಟ್ಟು ಆಕಳಿಸುತ್ತಿದ್ದಳು. ತಮ್ಮ ಮನೆಯ ಕಟ್ಟೆಯ ಮೇಲೆ ದುರುಗಪ್ಪ ಕೂತಿದ್ದ. ಪಕ್ಕದಲ್ಲಿ ಬೆನಕಪ್ಪ ಕಳಿಸಿದ ಜೋಳದ ಚೀಲ. ಓಣಿಯ ಹುಡುಗರು ಅವನ ಹಿಂದೆ ನಿಂತು ಚಪ್ಪಾಳೆ ತಟ್ಟಿ, ತಿರುಗುತ್ತಾನೋ ಇಲ್ಲವೋ ಎಂದು ನೋಡುತ್ತಿದ್ದರು. ಅವನು ತಿರುಗಲಿಲ್ಲ.

ಅವಳು ಒಳಗೆ ಹೋಗಿ ಎಣ್ಣೆ ಬಿಸಿ ಮಾಡಿ ತಂದಳು. ಎಲ್ಲರ ಕಣ್ಣೆದುರು ಅಪ್ಪನ ತಲೆಯನ್ನು ತನ್ನ ತೊಡೆಯ ಮೇಲೆ ವಾಲಿಸಿಕೊಂಡು ಒಂದೊಂದೇ ಹನಿ ಬಿಟ್ಟಳು. ಅವನು ಕಣ್ಣು ಮುಚ್ಚಿದ್ದ. ಶನಿವಾರ ಉಚ್ಚಂಗೆಪ್ಪ ಬರುತ್ತಾನೆ, ಮಾವನ ಕಿವಿಗೇನಾಯಿತು ಎಂದು ಕೇಳುತ್ತಾನೆ. ಮುಂದಿನ ವಾರ ಶಾಲೆ ತೆರೆಯುತ್ತದೆ, ಮಕ್ಕಳೂ ಕೇಳುತ್ತಾರೆ. ವಯಸ್ಸಾಯಿತು ಎನ್ನಬೇಕು. ಅದು ಪೂರಾ ಸುಳ್ಳೂ ಅಲ್ಲ. ಸುಂಕಮ್ಮ ಅಪ್ಪನ ಇನ್ನೊಂದು ಕಿವಿಯನ್ನು ಮೇಲೆ ಮಾಡಿದಳು. ಗಂಡನಿಗೂ ಹೇಳುವುದಿಲ್ಲ, ಯಾರಿಗೂ ಹೇಳುವುದಿಲ್ಲ ಎಂದು ಅಲ್ಲಿಯೇ ಮನಸ್ಸಿನಲ್ಲಿ ಗಟ್ಟಿ ಮಾಡಿಕೊಂಡಳು.